ಹಾವಿನ ಗೂಡಿನ ಶುಚೀಕರಣ ಮತ್ತು ಸೋಂಕುನಿವಾರಣೆ

ಹಾವಿನ ಗೂಡಿನ ಶುಚೀಕರಣ ಮತ್ತು ಸೋಂಕುನಿವಾರಣೆ ಎಂದರೆ ಹಾವನ್ನು ಇರಿಸಿದ ಪೆಟ್ಟಿಗೆ, ಗಾಜಿನ ತೊಟ್ಟಿ, ಡಬ್ಬಿ ಅಥವಾ ಚೀಲದಿಂದ ಮಲ, ಯೂರೇಟ್, ಪೊರೆ ಮತ್ತು ಆಹಾರದ ಶೇಷಗಳನ್ನು ತೆಗೆದು, ಆ ಬಳಿಕ ಅದರ ಮೇಲ್ಮೈಯಲ್ಲಿ ಉಳಿದಿರುವ ಬ್ಯಾಕ್ಟೀರಿಯಾ, ವೈರಾಣು, ಶಿಲೀಂಧ್ರ ಮತ್ತು ಪರೋಪಜೀವಿಗಳನ್ನು ನಾಶಪಡಿಸುವ ಕ್ರಮ. ಪ್ರಾಣಿಸಂಗ್ರಹಾಲಯಗಳು, ವಿಷ ಸಂಗ್ರಹಣಾ ಕೇಂದ್ರಗಳು, ವನ್ಯಜೀವಿ ಪುನರ್ವಸತಿ ಕೇಂದ್ರಗಳು, ಉರಗ ರಕ್ಷಕರು ಹಾಗೂ ಕಾನೂನುಬದ್ಧವಾಗಿ ವಿದೇಶಿ ಹಾವುಗಳನ್ನು ಸಾಕುವವರು ಇದನ್ನು ಅನುಸರಿಸುತ್ತಾರೆ. ಭಾರತದಲ್ಲಿ ದೇಶೀಯ ಹಾವುಗಳನ್ನು ಮನೆಯಲ್ಲಿ ಸಾಕುವುದು ಕಾನೂನುಬಾಹಿರ. ಆದುದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಂತಹ ಪ್ರದೇಶಗಳಲ್ಲಿ ಈ ವಿಷಯ ಸಾಕುಹಾವಿನ ಗೂಡಿಗಿಂತ ಹೆಚ್ಚಾಗಿ, ಮನೆ, ಕೊಟ್ಟಿಗೆ ಮತ್ತು ತೋಟಗಳಿಂದ ಹಿಡಿದ ಹಾವನ್ನು ಬಿಡುಗಡೆಯವರೆಗೆ ಇರಿಸುವ ಚೀಲ ಮತ್ತು ಡಬ್ಬಿಗಳಿಗೆ ಸಂಬಂಧಿಸಿದೆ.

ಪರಿಭಾಷೆ

ಶುಚೀಕರಣ ಮತ್ತು ಸೋಂಕುನಿವಾರಣೆ ಎರಡು ಬೇರೆ ಬೇರೆ ಕ್ರಿಯೆಗಳು. ಶುಚೀಕರಣವು ಕಣ್ಣಿಗೆ ಕಾಣುವ ಕೊಳೆಯನ್ನು ಸಾಬೂನು, ನೀರು ಮತ್ತು ಉಜ್ಜುವಿಕೆಯಿಂದ ತೆಗೆಯುವುದು. ಸೋಂಕುನಿವಾರಣೆಯು ಶುಚಿಯಾದ ಮೇಲ್ಮೈಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ರಾಸಾಯನಿಕ ಅಥವಾ ಶಾಖದಿಂದ ಕೊಲ್ಲುವುದು. ಮಲ, ರಕ್ತ, ಮಣ್ಣು ಮುಂತಾದ ಸಾವಯವ ಪದಾರ್ಥಗಳು ಹೆಚ್ಚಿನ ಸೋಂಕುನಿವಾರಕಗಳನ್ನು, ವಿಶೇಷವಾಗಿ ಕ್ಲೋರಿನ್‌ಯುಕ್ತ ದ್ರಾವಣಗಳನ್ನು, ನಿಷ್ಕ್ರಿಯಗೊಳಿಸುತ್ತವೆ. ಕೊಳೆಯ ಮೇಲೆಯೇ ಸೋಂಕುನಿವಾರಕ ಸುರಿದರೆ ದುರ್ವಾಸನೆ ಮರೆಯಾದರೂ ರೋಗಕಾರಕಗಳು ಉಳಿಯುತ್ತವೆ. ಆದ್ದರಿಂದ ಶುಚೀಕರಣ ಮೊದಲು, ಸೋಂಕುನಿವಾರಣೆ ಅನಂತರ ಎಂಬುದು ಈ ಕ್ರಮದ ಮೂಲ ನಿಯಮ.

ಸೋಂಕುನಿವಾರಕವು ಮೇಲ್ಮೈಯನ್ನು ಒದ್ದೆಯಾಗಿಟ್ಟುಕೊಂಡು ಇರಬೇಕಾದ ಕನಿಷ್ಠ ಸಮಯವನ್ನು ಸಂಪರ್ಕಾವಧಿ ಎನ್ನುತ್ತಾರೆ. ಸಾಮಾನ್ಯ ಬಳಕೆಯ ದ್ರಾವಣಗಳಿಗೆ ಇದು ಸುಮಾರು 10 ನಿಮಿಷ. ಸಿಂಪಡಿಸಿದ ಕೂಡಲೇ ಒರೆಸಿ ತೆಗೆದರೆ ಸೋಂಕುನಿವಾರಣೆ ಪೂರ್ಣವಾಗುವುದಿಲ್ಲ.

ಕಾನೂನಿನ ಹಿನ್ನೆಲೆ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅಡಿಯಲ್ಲಿ ಭಾರತದ ಕಾಡುಹಾವುಗಳಿಗೆ ರಕ್ಷಣೆ ಇದೆ. ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ನಾಗರಹಾವು, ಕೊಳಕುಮಂಡಲ, ಹೆಬ್ಬಾವು, ಕಾಳಿಂಗ ಸರ್ಪ, ಕೇರೆಹಾವು ಮೊದಲಾದವನ್ನು ಅನುಮತಿಯಿಲ್ಲದೆ ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಮತ್ತು ಪ್ರದರ್ಶಿಸುವುದು ಅಪರಾಧ. ಗೂಡು ಎಷ್ಟೇ ಶುಚಿಯಾಗಿದ್ದರೂ ಈ ನಿಷೇಧ ಬದಲಾಗುವುದಿಲ್ಲ. ಮಣ್ಣುಮುಕ್ಕ ಹಾವನ್ನು ‘ಎರಡು ತಲೆ ಹಾವು’ ಎಂದು ಕರೆದು, ಅದೃಷ್ಟದ ನಂಬಿಕೆಯ ಹೆಸರಿನಲ್ಲಿ ಮಡಕೆ ಮತ್ತು ಚೀಲಗಳಲ್ಲಿ ಬಚ್ಚಿಟ್ಟು ಸಾಗಿಸುವುದೂ ಇದೇ ಕಾಯ್ದೆಯಡಿ ಅಪರಾಧವಾಗಿದೆ.

2022ರ ತಿದ್ದುಪಡಿಯು ಕಾಯ್ದೆಯ ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ‘ಸೈಟ್ಸ್’ ಪಟ್ಟಿಯ ವಿದೇಶಿ ಜೀವಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಅದರಂತೆ ಆಫ್ರಿಕಾದ ಬಾಲ್ ಪೈಥಾನ್, ದಕ್ಷಿಣ ಅಮೆರಿಕದ ಬೋವಾ ಮುಂತಾದವನ್ನು ಹೊಂದಿರುವವರು 2024ರಲ್ಲಿ ಜಾರಿಗೆ ಬಂದ ನಿಯಮಗಳಡಿ ‘ಪರಿವೇಶ್ 2.0’ ಜಾಲತಾಣದ ಮೂಲಕ ನೋಂದಾಯಿಸಬೇಕು. ಈ ಲೇಖನದಲ್ಲಿ ಸಾಕುಹಾವು ಎಂಬ ಪದವನ್ನು ಕಾನೂನು ಅವಕಾಶ ನೀಡಿದ ವಿದೇಶಿ ಹಾವುಗಳಿಗೆ ಮಾತ್ರ ಬಳಸಲಾಗಿದೆ.

ಹಿಂದಿನ ಪದ್ಧತಿಗಳು

ಕರ್ನಾಟಕದಲ್ಲಿ ಹಾವನ್ನು ದೀರ್ಘಕಾಲ ಇಟ್ಟುಕೊಳ್ಳುತ್ತಿದ್ದವರಲ್ಲಿ ಹಾವಾಡಿಗರು ಪ್ರಮುಖರು. ಅವರು ಬಳಸುತ್ತಿದ್ದ ಮುಚ್ಚಳವುಳ್ಳ ಬಿದಿರಿನ ಬುಟ್ಟಿ ಹಗುರವಾಗಿದ್ದು ಗಾಳಿಯಾಡುತ್ತದೆ. ಆದರೆ ಹೆಣಿಗೆಯ ಸಂದುಗಳಲ್ಲಿ ಮಲ, ಪೊರೆಯ ಚೂರು ಮತ್ತು ನುಸಿಯ ಮೊಟ್ಟೆಗಳು ಸೇರಿಕೊಳ್ಳುತ್ತವೆ. ನೀರಿನಲ್ಲಿ ನೆನೆದ ಬಿದಿರು ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ. ಹಾವಿಗೆ ಹಾಲು ಕುಡಿಸುವ ಪ್ರದರ್ಶನಗಳಲ್ಲಿ ಚೆಲ್ಲಿದ ಹಾಲು ಹುಳಿತು ಬ್ಯಾಕ್ಟೀರಿಯಾ ಬೆಳವಣಿಗೆಗೆ ನೆರವಾಗುತ್ತದೆ. ಹಾಲು ಹಾವಿನ ಸಹಜ ಆಹಾರವೂ ಅಲ್ಲ.

ತಮಿಳುನಾಡಿನ ಮಾಮಲ್ಲಪುರದ ಬಳಿ 1978ರಲ್ಲಿ ಸ್ಥಾಪನೆಯಾದ ಇರುಳ ಹಾವು ಹಿಡಿಯುವವರ ಸಹಕಾರ ಸಂಘದಲ್ಲಿ, ವಿಷ ಸಂಗ್ರಹಣೆಗೆ ಪರವಾನಗಿ ಪಡೆದು ಹಿಡಿದ ಹಾವುಗಳನ್ನು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇರಿಸಿ ಬಳಿಕ ಕಾಡಿಗೆ ಬಿಡಲಾಗುತ್ತದೆ. ಮಡಕೆ ಒಳಗಿನ ಉಷ್ಣತೆಯನ್ನು ತಗ್ಗಿಸುತ್ತದೆ. ಆದರೆ ಸುಟ್ಟ ಮಣ್ಣು ರಂಧ್ರಮಯವಾದುದರಿಂದ ರಾಸಾಯನಿಕ ದ್ರಾವಣವನ್ನು ಹೀರಿಕೊಳ್ಳುತ್ತದೆ; ಇಂತಹ ಪಾತ್ರೆಗಳಿಗೆ ರಾಸಾಯನಿಕಕ್ಕಿಂತ ಕುದಿಯುವ ನೀರು ಮತ್ತು ಸಂಪೂರ್ಣ ಒಣಗಿಸುವಿಕೆ ಸೂಕ್ತ. 1892ರಲ್ಲಿ ಆರಂಭವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಮತ್ತು ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನಗಳಲ್ಲಿ ಹಾವುಗಳಿಗೆ ಪ್ರತ್ಯೇಕ ಆವರಣಗಳಿವೆ.

ಹಾಸನ ಜಿಲ್ಲೆಯ ಸಂದರ್ಭ

ಹಾಸನ ಜಿಲ್ಲೆಯ ಪಶ್ಚಿಮ ಭಾಗ ಮಲೆನಾಡಿಗೂ ಪೂರ್ವ ಭಾಗ ಬಯಲುಸೀಮೆಗೂ ಸೇರಿದೆ. ಅರಕಲಗೂಡು ತಾಲ್ಲೂಕಿನ ಪಶ್ಚಿಮ ಹೋಬಳಿಗಳಲ್ಲಿ ಮಳೆ ಮತ್ತು ತೇವಾಂಶ ಹೆಚ್ಚು. ಹೊಳೆನರಸೀಪುರ ಹೇಮಾವತಿ ನದಿಯ ದಂಡೆಯಲ್ಲಿದೆ. ನಾಲೆ ಮತ್ತು ಗದ್ದೆಗಳ ಆಸುಪಾಸಿನಲ್ಲಿ ಕಪ್ಪೆ ಮತ್ತು ಇಲಿಗಳನ್ನು ಅರಸಿ ಹಾವುಗಳು ಬರುತ್ತವೆ. ಚನ್ನರಾಯಪಟ್ಟಣ ತೆಂಗು ಬೆಳೆಯುವ ಒಣ ಪ್ರದೇಶ. ಅಲ್ಲಿ ತೆಂಗಿನ ಮಟ್ಟೆಯ ರಾಶಿ, ಸೌದೆ ಒಟ್ಟಲು ಮತ್ತು ಕಲ್ಲುಗೋಡೆಗಳು ಹಾವಿಗೆ ಅಡಗುತಾಣ. ಹಾಸನ ಜಿಲ್ಲೆ ರಾಜ್ಯದ ಪ್ರಮುಖ ಆಲೂಗಡ್ಡೆ ಬೆಳೆಯುವ ಪ್ರದೇಶಗಳಲ್ಲೊಂದು; ಆಲೂಗಡ್ಡೆ, ರಾಗಿ ಮತ್ತು ಮೆಕ್ಕೆಜೋಳದ ದಾಸ್ತಾನು ಇಲಿಗಳನ್ನೂ, ಇಲಿಗಳು ಹಾವುಗಳನ್ನೂ ಮನೆಯ ಬಳಿಗೆ ಸೆಳೆಯುತ್ತವೆ.

ಹೀಗೆ ಮನೆಯೊಳಗೆ ಬಂದ ಹಾವನ್ನು ತರಬೇತಿ ಪಡೆದ ಉರಗ ರಕ್ಷಕರು ಅಥವಾ ಅರಣ್ಯ ಇಲಾಖೆಯ ಸಿಬ್ಬಂದಿ ಹಿಡಿದು ಚೀಲ ಅಥವಾ ಡಬ್ಬಿಯಲ್ಲಿಟ್ಟು, ಹತ್ತಿರದ ಸೂಕ್ತ ನೆಲೆಯಲ್ಲಿ ಬಿಡುತ್ತಾರೆ. ಒಂದೇ ಚೀಲ ಒಂದೇ ದಿನ ಹಲವು ಹಾವುಗಳಿಗೆ ಬಳಕೆಯಾಗುವುದುಂಟು. ಸಾಕುಹಾವಿನ ಗೂಡಿನಲ್ಲಿ ಸೋಂಕು ಉಳಿದರೆ ತೊಂದರೆ ಆ ಹಾವಿಗೆ ಮತ್ತು ಆ ಮನೆಯವರಿಗೆ ಸೀಮಿತವಾಗಬಹುದು. ರಕ್ಷಣಾ ಚೀಲದಲ್ಲಿ ಸೋಂಕು ಉಳಿದರೆ ಅದು ಬಿಡುಗಡೆಯಾದ ಹಾವಿನೊಂದಿಗೆ ಹೊಲ ಮತ್ತು ಕಾಡಿಗೆ ತಲುಪುತ್ತದೆ. ಅಲ್ಲಿಂದ ಅದನ್ನು ಹಿಂದಕ್ಕೆ ತರುವ ದಾರಿ ಇಲ್ಲ.

ಪ್ರಮುಖ ರೋಗಕಾರಕಗಳು

ಸಾಲ್ಮೊನೆಲ್ಲಾ: ಅನೇಕ ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಯಾವ ರೋಗಲಕ್ಷಣವೂ ಇಲ್ಲದೆ ನೆಲೆಸಿರುತ್ತದೆ. ಅದು ಮಲದಲ್ಲಿ ಬಿಟ್ಟುಬಿಟ್ಟು ಹೊರಬರುವುದರಿಂದ ಒಂದು ಪರೀಕ್ಷೆಯಲ್ಲಿ ಕಾಣಿಸದಿದ್ದರೂ ಹಾವು ಸೋಂಕುಮುಕ್ತವೆಂದು ಹೇಳಲಾಗದು. ಮನುಷ್ಯರಲ್ಲಿ ಇದು ಭೇದಿ, ಜ್ವರ, ಹೊಟ್ಟೆನೋವು ಉಂಟುಮಾಡುತ್ತದೆ. 5 ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಸೋಂಕು ರಕ್ತಕ್ಕೆ ಹರಡಿ ಪ್ರಾಣಾಪಾಯ ತರಬಹುದು. ಮಕ್ಕಳಲ್ಲಿ ಹರಡಿದ ಸಾಲ್ಮೊನೆಲ್ಲಾ ಕಾಯಿಲೆಯ ಕಾರಣದಿಂದಲೇ ಅಮೆರಿಕವು 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಹಾವಿನ ನುಸಿ: ಓಫಿಯೋನಿಸಸ್ ನ್ಯಾಟ್ರಿಸಿಸ್ ಎಂಬ ರಕ್ತ ಹೀರುವ ನುಸಿ ಕಪ್ಪು ಚುಕ್ಕೆಯಂತೆ ಹಾವಿನ ಕಣ್ಣಿನ ಸುತ್ತ, ಗಲ್ಲದ ಕೆಳಗೆ ಮತ್ತು ಹುರುಪೆಗಳ ಅಡಿಯಲ್ಲಿ ಕಾಣಿಸುತ್ತದೆ. ಹೆಣ್ಣು ನುಸಿ ಹಾವಿನ ಮೈಮೇಲೆ ಮೊಟ್ಟೆಯಿಡದೆ ಗೂಡಿನ ಕತ್ತಲೆಯ, ತೇವದ ಸಂದುಗಳಲ್ಲಿ ಇಡುತ್ತದೆ. ಆದ್ದರಿಂದ ಹಾವಿಗೆ ಮಾತ್ರ ಚಿಕಿತ್ಸೆ ನೀಡಿ ಗೂಡನ್ನು ಬಿಟ್ಟರೆ ನುಸಿ ಮರಳುತ್ತದೆ.

ಕ್ರಿಪ್ಟೋಸ್ಪೊರಿಡಿಯಮ್ ಸರ್ಪೆಂಟಿಸ್: ಜಠರದ ಗೋಡೆ ದಪ್ಪವಾಗುವಂತೆ ಮಾಡುವ ಏಕಕೋಶ ಪರೋಪಜೀವಿ. ಹಾವು ನುಂಗಿದ್ದನ್ನು ಕಕ್ಕುತ್ತದೆ, ದೇಹದ ನಡುಭಾಗ ಊದಿಕೊಳ್ಳುತ್ತದೆ ಮತ್ತು ಮೈ ಸೊರಗುತ್ತದೆ. ಇದರ ಗಟ್ಟಿ ಹೊದಿಕೆಯ ಅಂಡಕೋಶಗಳು ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ; ಶಾಖ ಮತ್ತು ಒಣಗಿಸುವಿಕೆ ಹೆಚ್ಚು ಪರಿಣಾಮಕಾರಿ.

ವೈರಾಣುಗಳು: ಬೋವಾ ಮತ್ತು ಪೈಥಾನ್‌ಗಳ ನರಮಂಡಲವನ್ನು ಬಾಧಿಸುವ ಅಂತರ್ವೇಶಿತ ಕಾಯ ರೋಗಕ್ಕೂ ಅರೆನಾ ವೈರಾಣುಗಳಿಗೂ ಇರುವ ಸಂಬಂಧ 2012ರಲ್ಲಿ ಪ್ರಕಟವಾಯಿತು. ಬಾಲ್ ಪೈಥಾನ್‌ಗಳ ಶ್ವಾಸಕೋಶ ರೋಗಕ್ಕೆ ಸಂಬಂಧಿಸಿದ ನಿಡೋ ವೈರಾಣುಗಳನ್ನು 2014ರಲ್ಲಿ ವಿವರಿಸಲಾಯಿತು. ಇವೆರಡೂ ಕೊಬ್ಬಿನ ಹೊರಪದರವುಳ್ಳ ವೈರಾಣುಗಳಾದುದರಿಂದ ಸಾಬೂನು ಮತ್ತು ಸಾಮಾನ್ಯ ಸೋಂಕುನಿವಾರಕಗಳಿಗೆ ಬೇಗ ನಾಶವಾಗುತ್ತವೆ.

ಶಿಲೀಂಧ್ರ: ಓಫಿಡಿಯೋಮೈಸಿಸ್ ಎಂಬ ಶಿಲೀಂಧ್ರವು ಹಾವಿನ ಚರ್ಮದಲ್ಲಿ ಹಕ್ಕಳೆ, ಗಂಟು ಮತ್ತು ಹುಣ್ಣುಗಳನ್ನು ಉಂಟುಮಾಡುತ್ತದೆ. 2000ರ ದಶಕದ ಮಧ್ಯಭಾಗದಿಂದ ಉತ್ತರ ಅಮೆರಿಕದ ಕಾಡುಹಾವುಗಳಲ್ಲಿ ಇದು ಗಮನ ಸೆಳೆಯಿತು. ಆ ಬಳಿಕ ಅಲ್ಲಿನ ಕ್ಷೇತ್ರ ಸಂಶೋಧಕರು ಒಂದು ಹಾವಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೊಕ್ಕೆ, ಚೀಲ ಮತ್ತು ಅಳತೆ ಸಾಧನಗಳನ್ನು ಸೋಂಕುಮುಕ್ತಗೊಳಿಸುವುದು ರೂಢಿಗೆ ಬಂತು.

ಗೂಡಿನ ವಸ್ತು ಮತ್ತು ಹಾಸು

ಗೂಡು ಎಷ್ಟು ನುಣುಪಾಗಿದೆಯೋ ಅಷ್ಟು ಸುಲಭವಾಗಿ ಶುಚಿಯಾಗುತ್ತದೆ. ಗಾಜು, ಸ್ಟೀಲು ಮತ್ತು ಗಟ್ಟಿ ಪ್ಲಾಸ್ಟಿಕ್ ದ್ರಾವಣವನ್ನು ಹೀರುವುದಿಲ್ಲ. ಬಣ್ಣ ಬಳಿಯದ ಮರ, ಪ್ಲೈವುಡ್, ಬಿದಿರು ಮತ್ತು ಥರ್ಮೋಕೋಲ್ ತೇವ ಮತ್ತು ಮಲವನ್ನು ಒಳಕ್ಕೆಳೆದುಕೊಳ್ಳುತ್ತವೆ. ತೀವ್ರ ಸೋಂಕಿನ ಬಳಿಕ ಮರದ ಅಡಗುಗೂಡು ಮತ್ತು ಕೊಂಬೆಗಳನ್ನು ಶುಚಿಗೊಳಿಸುವುದಕ್ಕಿಂತ ಬದಲಿಸುವುದೇ ಸೂಕ್ತ.

ಹಾಸಾಗಿ ಅಚ್ಚಿನ ಶಾಯಿ ಕಡಿಮೆ ಇರುವ ಕಾಗದ ಅತಿ ಸುಲಭದ ಆಯ್ಕೆ. ಮಲ, ರಕ್ತ ಅಥವಾ ನುಸಿ ಕಾಗದದ ಮೇಲೆ ಕೂಡಲೇ ಕಣ್ಣಿಗೆ ಬೀಳುತ್ತವೆ; ಆದ್ದರಿಂದ ಪ್ರತ್ಯೇಕವಾಸದಲ್ಲಿರುವ ಹಾವಿಗೆ ಕಾಗದವನ್ನೇ ಹಾಸಬೇಕು. ಚನ್ನರಾಯಪಟ್ಟಣ ಮತ್ತು ಅರಸೀಕೆರೆ ಭಾಗದಲ್ಲಿ ಸುಲಭವಾಗಿ ಸಿಗುವ ತೆಂಗಿನ ನಾರಿನ ಪುಡಿ ತೇವಾಂಶ ಬೇಕಾದ ಹಾವುಗಳಿಗೆ ಒಳ್ಳೆಯ ಹಾಸು. ಆದರೆ ಅಂಗಳದಲ್ಲಿ ರಾಶಿ ಬಿದ್ದಿದ್ದ ಪುಡಿಯಲ್ಲಿ ಇರುವೆ, ನುಸಿ ಮತ್ತು ಬೂಷ್ಟು ಇರುವುದರಿಂದ ಅದನ್ನು ತೊಳೆದು, ಹಬೆಯಲ್ಲಿ ಬಿಸಿಮಾಡಿ, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಬಳಸಬೇಕು. ಗರಗಸದ ಮಿಲ್ಲಿನ ಹೊಟ್ಟು ಧೂಳು ಎಬ್ಬಿಸುತ್ತದೆ; ಸೀಡರ್‌ನಂತಹ ಸುವಾಸನೆಯ ಮರದ ಹೊಟ್ಟಿನ ಆವಿ ಹಾವಿನ ಶ್ವಾಸಾಂಗಕ್ಕೆ ಹಾನಿಕರ.

ಶುಚೀಕರಣದ ಅವಧಿ

ನೀರಿನ ಬಟ್ಟಲನ್ನು ಪ್ರತಿದಿನ ತೊಳೆದು ಹೊಸ ನೀರು ತುಂಬಬೇಕು. ಮಲ, ಯೂರೇಟ್, ಕಕ್ಕಿದ ಆಹಾರ ಮತ್ತು ಪೊರೆಯನ್ನು ಕಂಡ ಕೂಡಲೇ ತೆಗೆದು ಆ ಜಾಗವನ್ನು ಶುಚಿಗೊಳಿಸಬೇಕು. ಸಂಪೂರ್ಣ ಶುಚೀಕರಣ ಮತ್ತು ಸೋಂಕುನಿವಾರಣೆಯನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಹಾಗೂ ಹಾವು ಬದಲಾದಾಗ, ಕಾಯಿಲೆ ಬಿದ್ದಾಗ ಅಥವಾ ಸತ್ತಾಗ ಮಾಡಬೇಕು. ಆಹಾರ ನುಂಗಿದ 48 ಗಂಟೆಗಳೊಳಗೆ ಹಾವನ್ನು ಎತ್ತಿದರೆ ಅದು ಕಕ್ಕಬಹುದಾದುದರಿಂದ ಆ ಅವಧಿಯಲ್ಲಿ ಸಂಪೂರ್ಣ ಶುಚೀಕರಣ ಕೈಗೊಳ್ಳುವುದಿಲ್ಲ. ಪೊರೆ ಬಿಡುವ ಮುನ್ನ ಕಣ್ಣು ಮಸುಕಾದಾಗಲೂ ಅನಗತ್ಯ ತೊಂದರೆ ಕೊಡಬಾರದು.

ಹಲವು ಗೂಡುಗಳಿರುವ ಕಡೆ ಮೊದಲು ಮರಿಗಳ ಗೂಡು, ಅನಂತರ ಆರೋಗ್ಯವಂತ ಹಾವುಗಳದು, ಬಳಿಕ ಹೊಸದಾಗಿ ಬಂದವು, ಕೊನೆಯಲ್ಲಿ ಕಾಯಿಲೆಯವುಗಳ ಗೂಡು ಎಂಬ ಅನುಕ್ರಮ ಪಾಲಿಸಬೇಕು. ಹೊಸ ಹಾವನ್ನು 30ರಿಂದ 90 ದಿನ ಪ್ರತ್ಯೇಕ ಕೋಣೆಯಲ್ಲಿರಿಸಿ, ಅದಕ್ಕೆ ಬೇರೆಯೇ ಕೊಕ್ಕೆ, ಕುಂಚ ಮತ್ತು ಬಟ್ಟಲು ಬಳಸುವುದು ವಾಡಿಕೆ.

ಶುಚೀಕರಣದ ಹಂತಗಳು

1. ಹಾವನ್ನು ಗಾಳಿಯಾಡುವ, ಚಿಲಕವಿರುವ ಬೇರೆ ಡಬ್ಬಿಗೆ ವರ್ಗಾಯಿಸಿ, ಆ ಡಬ್ಬಿಯನ್ನು ಕೆಲಸ ಮಾಡುವ ಕೋಣೆಯಿಂದ ಹೊರಗೆ, ನೆರಳಿನಲ್ಲಿಡಬೇಕು.
2. ಶಾಖಪಟ್ಟಿ, ದೀಪ ಮತ್ತು ಉಷ್ಣತಾ ನಿಯಂತ್ರಕಗಳ ವಿದ್ಯುತ್ ಸಂಪರ್ಕ ತೆಗೆದು ತಣ್ಣಗಾಗಲು ಬಿಡಬೇಕು.
3. ಕೈಗವಸು ಧರಿಸಿ ಹಾಸನ್ನು ಪೂರ್ಣವಾಗಿ ಚೀಲಕ್ಕೆ ತುಂಬಬೇಕು. ಧೂಳೇಳದಂತೆ ಮೊದಲು ಸ್ವಲ್ಪ ನೀರು ಚಿಮುಕಿಸಬಹುದು.
4. ಅಂಟಿಕೊಂಡ ಮಲ ಮತ್ತು ಯೂರೇಟನ್ನು ಬಿಸಿ ಸಾಬೂನು ನೀರಿನಲ್ಲಿ ನೆನೆಸಿ ಕೆರೆಯಬೇಕು. ಹಾವಿನ ಯೂರೇಟ್ ಸುಣ್ಣದಂತೆ ಬಿಳಿಯಾಗಿದ್ದು ತಣ್ಣೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ.
5. ಗೂಡಿನ ಮೂಲೆ, ಜಾರುಬಾಗಿಲಿನ ಗಾಡಿ ಮತ್ತು ಗಾಳಿರಂಧ್ರಗಳನ್ನು ಸಣ್ಣ ಕುಂಚದಿಂದ ಉಜ್ಜಬೇಕು.
6. ಸಾಬೂನಿನ ಅಂಶ ಉಳಿಯದಂತೆ ಶುದ್ಧ ನೀರಿನಿಂದ ತೊಳೆದು, ನೀರನ್ನು ಬಸಿಯಬೇಕು. ಉಳಿದ ನೀರು ಸೋಂಕುನಿವಾರಕವನ್ನು ತೆಳುವಾಗಿಸುತ್ತದೆ.
7. ಸೋಂಕುನಿವಾರಕ ಲೇಪಿಸಿ, ಸಂಪರ್ಕಾವಧಿ ಮುಗಿಯುವವರೆಗೆ ಮೇಲ್ಮೈ ಒಣಗದಂತೆ ನೋಡಿಕೊಳ್ಳಬೇಕು.
8. ಮತ್ತೆ ಎರಡು ಮೂರು ಬಾರಿ ತೊಳೆಯಬೇಕು.
9. ಗೂಡನ್ನು ತೆರೆದಿಟ್ಟು ಪೂರ್ಣ ಒಣಗಿಸಬೇಕು. ವಾಸನೆ ಉಳಿದಿದ್ದರೆ ಹಾವನ್ನು ಒಳಗೆ ಬಿಡಬಾರದು.
10. ಹೊಸ ಹಾಸು, ಅಡಗುಗೂಡು ಮತ್ತು ನೀರಿಟ್ಟು, ಉಷ್ಣತೆ ಸರಿಯಾದ ಮಟ್ಟಕ್ಕೆ ಬಂದ ಮೇಲೆ ಹಾವನ್ನು ಮರಳಿಸಿ ಚಿಲಕ ಪರೀಕ್ಷಿಸಬೇಕು.

ಹಾವು ನಾಲಿಗೆಯಿಂದ ಗಾಳಿಯ ಮತ್ತು ನೆಲದ ಕಣಗಳನ್ನು ಸಂಗ್ರಹಿಸಿ ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗದ ಮೂಲಕ ಪರಿಸರವನ್ನು ಗ್ರಹಿಸುತ್ತದೆ. ಹಾಗಾಗಿ ಮನುಷ್ಯನಿಗೆ ಅಲ್ಪವೆನಿಸುವ ರಾಸಾಯನಿಕದ ವಾಸನೆಯೂ ಅದಕ್ಕೆ ತೀವ್ರ ತೊಂದರೆ ಕೊಡಬಲ್ಲದು.

ಸೋಂಕುನಿವಾರಕಗಳು

ಸೋಡಿಯಂ ಹೈಪೋಕ್ಲೋರೈಟ್: ಅಂಗಡಿಗಳಲ್ಲಿ ಸಿಗುವ ಸುಮಾರು 5 ಪ್ರತಿಶತ ಸಾಂದ್ರತೆಯ ಬ್ಲೀಚ್‌ನ 1 ಭಾಗಕ್ಕೆ 9 ಭಾಗ ನೀರು ಬೆರೆಸಿದರೆ 0.5 ಪ್ರತಿಶತ ದ್ರಾವಣ ದೊರೆಯುತ್ತದೆ. ಸಂಪರ್ಕಾವಧಿ 10 ನಿಮಿಷ. ಬ್ಯಾಕ್ಟೀರಿಯಾ, ಹೆಚ್ಚಿನ ವೈರಾಣು ಮತ್ತು ಶಿಲೀಂಧ್ರಗಳ ಮೇಲೆ ಪರಿಣಾಮಕಾರಿ. ಲೋಹವನ್ನು ಕೊರೆಯುತ್ತದೆ, ಬಟ್ಟೆಯ ಬಣ್ಣ ಕೆಡಿಸುತ್ತದೆ.

ಬ್ಲೀಚಿಂಗ್ ಪೌಡರ್: ಕುಡಿಯುವ ನೀರಿನ ಶುದ್ಧೀಕರಣಕ್ಕೆ ಗ್ರಾಮ ಪಂಚಾಯಿತಿಗಳು ಬಳಸುವ ಈ ಪುಡಿ ಹಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಸುಮಾರು 30 ಪ್ರತಿಶತ ಕ್ಲೋರಿನ್ ಇರುವ ತಾಜಾ ಪುಡಿಯನ್ನು ಲೀಟರಿಗೆ 16 ಗ್ರಾಂನಂತೆ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಳಸಬೇಕು. ತೆರೆದಿಟ್ಟ ಪುಡಿ ತೇವಾಂಶದಲ್ಲಿ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಬಿಗಿಯಾದ ಡಬ್ಬಿಯಲ್ಲಿಡಬೇಕು. ಕ್ಲೋರಿನ್ ದ್ರಾವಣವನ್ನು ಅಂದಂದೇ ತಯಾರಿಸಿಕೊಳ್ಳಬೇಕು.

ಕ್ಲೋರ್‌ಹೆಕ್ಸಿಡಿನ್: 2 ಪ್ರತಿಶತ ದ್ರಾವಣವನ್ನು ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್‌ನಂತೆ ಬೆರೆಸಿ ಬಳಸುತ್ತಾರೆ. ಹಾವಿಗೆ ಅಪಾಯ ಕಡಿಮೆ, ಲೋಹಕ್ಕೆ ಹಾನಿಯಿಲ್ಲ. ಆದರೆ ಸಾಬೂನಿನೊಡನೆ ಸೇರಿದರೆ ನಿಷ್ಕ್ರಿಯವಾಗುತ್ತದೆ. ಕ್ರಿಪ್ಟೋಸ್ಪೊರಿಡಿಯಮ್ ಮೇಲೆ ಪರಿಣಾಮವಿಲ್ಲ.

ಚತುರ್ಥಕ ಅಮೋನಿಯಂ ಸಂಯುಕ್ತಗಳು: ಆಸ್ಪತ್ರೆ ಮತ್ತು ಕೋಳಿಫಾರಂಗಳಲ್ಲಿ ಬಳಕೆಯಲ್ಲಿವೆ. ಗಡಸು ನೀರು ಮತ್ತು ಸಾಬೂನು ಇವುಗಳ ಶಕ್ತಿ ಕುಂದಿಸುತ್ತವೆ. ಚೆನ್ನಾಗಿ ತೊಳೆಯದಿದ್ದರೆ ಹಾವಿನ ಚರ್ಮಕ್ಕೆ ಉರಿ ತರುತ್ತವೆ.

ಹಬೆ ಮತ್ತು ಬಿಸಿನೀರು: 60 ಡಿಗ್ರಿ ಸೆಲ್ಸಿಯಸ್ ಮೀರಿದ ನೀರಿನಲ್ಲಿ ಹಲವು ನಿಮಿಷ ಮುಳುಗಿಸಿಡುವುದು ಅಥವಾ ಹಬೆ ಹಾಯಿಸುವುದು ನುಸಿ, ಅದರ ಮೊಟ್ಟೆ ಮತ್ತು ಕ್ರಿಪ್ಟೋಸ್ಪೊರಿಡಿಯಮ್‌ಗೆ ಪರಿಣಾಮಕಾರಿ. ಬಟ್ಟೆಯ ಚೀಲ, ಕಲ್ಲು, ಮಡಕೆ ಮತ್ತು ಸ್ಟೀಲ್ ಬಟ್ಟಲುಗಳಿಗೆ ಈ ವಿಧಾನ ಹೊಂದುತ್ತದೆ. ಬಿಸಿಲು ಒಣಗಿಸಲು ನೆರವಾಗುತ್ತದೆಯಾದರೂ ನೆರಳು ಬಿದ್ದ ಸಂದುಗಳನ್ನು ತಲುಪದ ಕಾರಣ ಅದನ್ನೇ ಸೋಂಕುನಿವಾರಣೆ ಎಂದು ಪರಿಗಣಿಸಲಾಗದು.

ಬಳಸಬಾರದ ವಸ್ತುಗಳು

ಮನೆಯ ನೆಲ ಒರೆಸುವ ಫಿನೈಲ್ ಮತ್ತು ಫೀನಾಲ್ ಮೂಲದ ಇತರ ದ್ರಾವಣಗಳು ಸರೀಸೃಪಗಳಿಗೆ ವಿಷಕಾರಿ. ಹಾವಿನ ಗೂಡಿನಲ್ಲಿ ಬಳಸಬಾರದು. ಕ್ಲೋರೋಕ್ಸಿಲೆನಾಲ್ ಇರುವ ಡೆಟಾಲ್‌ನಂತಹ ದ್ರಾವಣಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ನುಸಿಗುಳಿಗೆ, ಕರ್ಪೂರ, ಸೊಳ್ಳೆಬತ್ತಿ ಮತ್ತು ಜಿರಳೆಗೆ ಸಿಂಪಡಿಸುವ ಕೀಟನಾಶಕಗಳ ಆವಿ ಮುಚ್ಚಿದ ಗೂಡಿನಲ್ಲಿ ಹಾವನ್ನು ಕೊಲ್ಲಬಲ್ಲದು. ಅರಿಶಿನದ ನೀರು, ಬೇವಿನ ಕಷಾಯ ಮತ್ತು ಸಗಣಿ ಸಾರಿಸುವಿಕೆ ಮನೆಬಳಕೆಯಲ್ಲಿ ರೂಢಿಯಲ್ಲಿದ್ದರೂ ಸೋಂಕುನಿವಾರಕದ ಸ್ಥಾನ ತುಂಬಲಾರವು. ಸಗಣಿಯಲ್ಲಿಯೇ ಸಾಲ್ಮೊನೆಲ್ಲಾ ಇರುವ ಸಾಧ್ಯತೆಯಿದೆ.

ಬ್ಲೀಚ್ ಅನ್ನು ಶೌಚಾಲಯ ತೊಳೆಯುವ ಆಮ್ಲ, ವಿನೆಗರ್ ಅಥವಾ ಅಮೋನಿಯದೊಡನೆ ಎಂದಿಗೂ ಬೆರೆಸಬಾರದು. ಆಮ್ಲದೊಡನೆ ಕ್ಲೋರಿನ್ ಅನಿಲವೂ ಅಮೋನಿಯದೊಡನೆ ಕ್ಲೋರಮೈನ್ ಆವಿಯೂ ಹೊರಬರುತ್ತವೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಯೂರೇಟ್‌ನಲ್ಲಿ ಅಮೋನಿಯಂ ಲವಣಗಳಿರುವುದರಿಂದ ಅದನ್ನು ತೆಗೆಯದೆ ಬ್ಲೀಚ್ ಸುರಿಯಬಾರದೆಂಬುದಕ್ಕೆ ಇದು ಇನ್ನೊಂದು ಕಾರಣ.

ನುಸಿ ಕಂಡಾಗಿನ ಕ್ರಮ

ನುಸಿ ಕಂಡ ಗೂಡಿನ ಹಾಸನ್ನು ಕೂಡಲೇ ಚೀಲದಲ್ಲಿ ಬಿಗಿದು ಹೊರಹಾಕಿ, ಮರದ ವಸ್ತುಗಳನ್ನು ಸುಡಬೇಕು ಅಥವಾ ಬದಲಿಸಬೇಕು. ಗೂಡನ್ನು ಬಿಸಿ ಸಾಬೂನು ನೀರು ಮತ್ತು ಹಬೆಯಿಂದ ಶುಚಿಗೊಳಿಸಿ ಕಾಗದದ ಹಾಸು ಮಾತ್ರ ಹಾಕಬೇಕು. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಪ್ರೌಢ ನುಸಿಯಾಗಲು ಎರಡು ಮೂರು ವಾರ ಸಾಕಾಗುವುದರಿಂದ ಈ ಕ್ರಮವನ್ನು ಕೆಲವು ದಿನಗಳಿಗೊಮ್ಮೆ ಒಂದು ತಿಂಗಳಾದರೂ ಪುನರಾವರ್ತಿಸಬೇಕು. ಹಾವಿನ ಮೈಮೇಲೆ ಬಳಸುವ ಔಷಧವನ್ನು ಪಶುವೈದ್ಯರೇ ನಿರ್ಧರಿಸಬೇಕು. ಹಾವುಗಳಿಗೆ ನೀಡಲಾಗುವ ಐವರ್ಮೆಕ್ಟಿನ್ ಆಮೆಗಳಿಗೆ ಮಾರಕವಾಗಬಲ್ಲದು. ಆದುದರಿಂದ ಎರಡೂ ಇರುವ ಕಡೆ ಹೆಚ್ಚಿನ ಎಚ್ಚರ ಬೇಕು. ಹಾಸನದಲ್ಲಿ, ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ.

ರಕ್ಷಣಾ ಚೀಲ ಮತ್ತು ಡಬ್ಬಿಗಳು

ಹಿಡಿಯುವಾಗ ಹೆದರಿದ ಹಾವು ಮಲ ವಿಸರ್ಜಿಸುವುದು ಮತ್ತು ನುಂಗಿದ ಕಪ್ಪೆ ಅಥವಾ ಇಲಿಯನ್ನು ಕಕ್ಕುವುದು ಸಾಮಾನ್ಯ. ಹೀಗೆ ಒದ್ದೆಯಾದ ಚೀಲಕ್ಕೆ ಮತ್ತೊಂದು ಹಾವನ್ನು ಹಾಕಿದರೆ ರೋಗಕಾರಕಗಳು ನೇರವಾಗಿ ಅದರ ಬಾಯಿ, ಮೂಗು ಮತ್ತು ಚರ್ಮಕ್ಕೆ ತಲುಪುತ್ತವೆ. ಇದನ್ನು ತಪ್ಪಿಸಲು ಈ ಕೆಳಗಿನ ಕ್ರಮಗಳು ಉಪಯುಕ್ತ.

ಒಂದು ಚೀಲಕ್ಕೆ ಒಂದೇ ಹಾವು. ಒಮ್ಮೆ ಬಳಸಿದ ಚೀಲವನ್ನು ತೊಳೆಯುವವರೆಗೆ ಬೇರೆ ಗಂಟಿನಲ್ಲಿಡಬೇಕು. ಹೊರಡುವಾಗಲೇ ನಾಲ್ಕೈದು ಶುಚಿಯಾದ ಹತ್ತಿಯ ಚೀಲಗಳನ್ನು ಒಯ್ಯುವುದು ಒಳಿತು. ಖಾಲಿ ಚೀಲವೆಂದು ಕಂಡರೂ ತೊಳೆಯುವ ಮುನ್ನ ಕೊಕ್ಕೆಯಿಂದ ಒಳಹೊರಗು ಮಾಡಿ, ಹಾವು ಅಥವಾ ಕಳಚಿದ ವಿಷದ ಹಲ್ಲು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಳಚಿದ ಹಲ್ಲಿನಲ್ಲೂ ವಿಷ ಇರಬಹುದು. ಚೀಲವನ್ನು ಸಾಬೂನಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಮುಳುಗಿಸಿ, ಒಳಮೈ ಹೊರಗಾಗಿಸಿ ಒಣಗಿಸಬೇಕು. ಮನೆಯ ಬಟ್ಟೆಗಳೊಡನೆ ಒಗೆಯಬಾರದು. ಪ್ಲಾಸ್ಟಿಕ್ ಡಬ್ಬಿ ಮತ್ತು ಕೊಳವೆಗಳನ್ನು ಸಾಬೂನಿನಿಂದ ತೊಳೆದು, 0.5 ಪ್ರತಿಶತ ಕ್ಲೋರಿನ್ ದ್ರಾವಣದಲ್ಲಿ 10 ನಿಮಿಷ ಇಟ್ಟು ಮತ್ತೆ ತೊಳೆಯಬೇಕು. ಕೊಕ್ಕೆ ಮತ್ತು ಇಕ್ಕುಳದ ತುದಿಯನ್ನು ಪ್ರತಿ ಬಾರಿಯೂ ತೊಳೆದು, 70 ಪ್ರತಿಶತ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಲು ಬಿಡಬೇಕು.

ಚರ್ಮದ ಹುಣ್ಣು, ಬಾಯಿಯ ಕೀವು, ನುಸಿ ಅಥವಾ ಉಸಿರಾಟದ ತೊಂದರೆ ಕಂಡ ಹಾವನ್ನು ನೇರವಾಗಿ ಬಿಡುಗಡೆ ಮಾಡದೆ ಅರಣ್ಯ ಇಲಾಖೆಯ ಮೂಲಕ ಪಶುವೈದ್ಯರಿಗೆ ತೋರಿಸಬೇಕು. ಹಾವನ್ನು ಹಿಡಿದ ಸ್ಥಳದಿಂದ ದೂರದ ತಾಲ್ಲೂಕಿಗೆ ಒಯ್ದು ಬಿಟ್ಟರೆ ಅದು ನೆಲೆ ತಪ್ಪುವುದರ ಜೊತೆಗೆ, ಒಂದೆಡೆಯ ರೋಗ ಮತ್ತೊಂದೆಡೆಗೆ ಹರಡಬಹುದು.

ನೀರು ಮತ್ತು ಹವಾಮಾನ

ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಕಟ್ಟದೆ ಬಿಳಿ ಪದರವಾಗಿ ಗಾಜಿಗೆ ಅಂಟುತ್ತದೆ ಮತ್ತು ಆ ಪದರದಡಿ ಕೊಳೆ ಉಳಿಯುತ್ತದೆ. ಇಂತಹ ಕಡೆ ಸಾಬೂನಿಗಿಂತ ಡಿಟರ್ಜೆಂಟ್ ಮೇಲು. ಸಂಗ್ರಹಿಸಿದ ಮಳೆನೀರು ಅಥವಾ ನದಿಮೂಲದ ನಲ್ಲಿ ನೀರು ಇನ್ನೂ ಸೂಕ್ತ. ಮಲೆನಾಡಿಗೆ ಹತ್ತಿರದ ಭಾಗಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದ ಗೂಡು ಒಣಗುವುದೇ ಕಷ್ಟ. ಎರಡು ಡಬ್ಬಿಗಳನ್ನು ಇಟ್ಟುಕೊಂಡು ಒಂದು ಒಣಗುವಾಗ ಇನ್ನೊಂದನ್ನು ಬಳಸುವುದು ಸರಳ ಪರಿಹಾರ. ಒದ್ದೆ ಹಾಸಿನ ಮೇಲೆ ಹಲವು ದಿನ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆಯೆದ್ದು ಹುಣ್ಣಾಗುತ್ತದೆ.

ತ್ಯಾಜ್ಯ ವಿಲೇವಾರಿ

ಬಳಸಿದ ಹಾಸು ಮತ್ತು ಮಲವನ್ನು ಎರಡು ಚೀಲಗಳಲ್ಲಿ ಬಿಗಿದು ವಿಲೇವಾರಿ ಮಾಡಬೇಕು ಅಥವಾ ಬಾವಿಯಿಂದ ದೂರ ಆಳವಾಗಿ ಹೂಳಬೇಕು. ಸೊಪ್ಪು ತರಕಾರಿ ಬೆಳೆಯುವ ಹಿತ್ತಿಲಿನ ತಿಪ್ಪೆಗೆ ಹಾಕಿದರೆ ಸಾಲ್ಮೊನೆಲ್ಲಾ ಆಹಾರಕ್ಕೆ ಸೇರಬಹುದು. ಗೂಡು ಮತ್ತು ಚೀಲಗಳನ್ನು ಕೆರೆ, ನಾಲೆ ಅಥವಾ ಹೊಳೆಯಲ್ಲಿ ತೊಳೆಯಬಾರದು. ಕ್ಲೋರಿನ್ ಮೀನು ಮತ್ತು ಗೊದಮೊಟ್ಟೆಗಳನ್ನು ಕೊಲ್ಲುತ್ತದೆ. ಸಾಕಲಾಗದ ವಿದೇಶಿ ಹಾವನ್ನು ಹೊರಗೆ ಬಿಡುವುದು ಸ್ಥಳೀಯ ಹಾವುಗಳಿಗೆ ಹೊಸ ರೋಗ ತರುವ ಅಪಾಯವಿರುವುದರಿಂದ ಸರ್ವಥಾ ಸಲ್ಲದು.

ಮನುಷ್ಯರ ಸುರಕ್ಷತೆ

ಅಡುಗೆಮನೆಯ ಸಿಂಕಿನಲ್ಲಿ ಹಾವಿನ ಬಟ್ಟಲು ತೊಳೆಯಬಾರದು. ಅದಕ್ಕೆ ಪ್ರತ್ಯೇಕ ಬಕೆಟ್, ಕುಂಚ ಮತ್ತು ಕೈಗವಸು ಇರಬೇಕು. ಕೆಲಸದ ವೇಳೆ ತಿನ್ನುವುದು, ಎಲೆ ಅಡಿಕೆ ಹಾಕುವುದು, ಬೀಡಿ ಸೇದುವುದು ಸೋಂಕನ್ನು ನೇರವಾಗಿ ಬಾಯಿಗೆ ಒಯ್ಯುತ್ತದೆ. ಕೈಗವಸು ಧರಿಸಿದ್ದರೂ ಕೊನೆಯಲ್ಲಿ ಸಾಬೂನಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಸಣ್ಣ ಮಕ್ಕಳನ್ನು ಈ ಕೆಲಸದಲ್ಲಿ ತೊಡಗಿಸಬಾರದು.

ವಿಷಪೂರಿತ ಹಾವಿನ ಗೂಡನ್ನು ತರಬೇತಿ ಪಡೆದವರು ಮಾತ್ರ, ಇನ್ನೊಬ್ಬರ ಸಮ್ಮುಖದಲ್ಲಿ, ಹಾವನ್ನು ಬೇರೆ ಪೆಟ್ಟಿಗೆಗೆ ವರ್ಗಾಯಿಸಿ ಬೀಗ ಹಾಕಿದ ಬಳಿಕವೇ ತೊಳೆಯಬೇಕು. ಕಡಿತವಾದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಹಾನಿಕರ. ಕಚ್ಚಿದ ಅಂಗವನ್ನು ಅಲುಗಾಡಿಸದೆ ವಿಷಪ್ರತಿರೋಧಕ ಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಸೇರಿಸಬೇಕು. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ. ಮನೆಗೆ ಹಾವು ಬಂದಾಗ ಸ್ವತಃ ಹಿಡಿಯಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಇಲಾಖೆಯ ಸಹಾಯವಾಣಿ ಸಂಖ್ಯೆ 1926.

ಇದನ್ನೂ ನೋಡಿ

ಹಾವು
ಸಾಲ್ಮೊನೆಲ್ಲಾ
ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972
ಹಾವು ಕಡಿತ
ಹಾಸನ ಜಿಲ್ಲೆ